ಚಳಿಗಾಲದಲ್ಲಿ ಒಬ್ಬರೇ ಫ್ರಾನ್ಸಿನ ಹಳ್ಳಿದಾರಿ ನಡೆಯಲು: ಶೆವ್ರೂಸ್ ಕಣಿವೆಯಲ್ಲಿ ಒಂದು ದಿನ

ಡಿಸೆಂಬರ್ ಕೊನೆಯಲ್ಲಿ ಪ್ಯಾರಿಸ್ ಸುತ್ತಮುತ್ತ ಸೂರ್ಯ ಹುಟ್ಟುವುದು ಬೆಳಿಗ್ಗೆ 8:40 ದಾಟಿದ ಮೇಲೆ. ಸಂಜೆ 5 ಗಂಟೆ ಹೊಡೆಯುವ ಹೊತ್ತಿಗೆ ಮುಳುಗಿಯೂ ಆಗಿರುತ್ತದೆ. ಅಂದರೆ ಕೈಗೆ ಸಿಗುವ ಬೆಳಕು ಎಂಟು ಗಂಟೆ ಚಿಲ್ಲರೆ, ಅಷ್ಟೇ. ಬೆಂಗಳೂರಿನಲ್ಲಿ ಅದೇ ದಿನ ಹನ್ನೊಂದು ಗಂಟೆಗೂ ಜಾಸ್ತಿ ಹಗಲಿರುತ್ತದೆ. ನಮ್ಮ ಮೈಗೆ ಆ ಲೆಕ್ಕ ರೂಢಿಯಾಗಿರುತ್ತದೆ, ಹಾಗಾಗಿ ಇಲ್ಲಿ ಮೊದಲ ಸಲ ಎಡವುವುದೂ ಅಲ್ಲೇ. ಚಳಿಗೆ ಎಲ್ಲರೂ ತಯಾರಾಗಿ ಹೊರಡುತ್ತಾರೆ. ಕತ್ತಲಿಗೆ ಯಾರೂ ತಯಾರಾಗಿರುವುದಿಲ್ಲ.

ನಾನು ಪ್ಯಾರಿಸ್‌ಗೆ ಬಂದ ಮೊದಲ ಚಳಿಗಾಲ ಮನೆಯೊಳಗೇ ಕಳೆದೆ. ಎರಡನೆಯ ವರ್ಷದಿಂದ ತಿಂಗಳಿಗೆ ಒಂದಾದರೂ ಶನಿವಾರ ಒಬ್ಬಳೇ ನಡೆಯಲು ಹೋಗುತ್ತಿದ್ದೇನೆ. ಓದಲು, ಕೆಲಸಕ್ಕೆ ಬಂದಿರುವ ನಮ್ಮವರು ಸುಮಾರು ಜನ ಕೇಳುತ್ತಾರೆ, ಒಬ್ಬರೇ ಹೋಗಬಹುದಾ, ಭಯ ಆಗಲ್ವಾ ಅಂತ. ಖಂಡಿತ ಹೋಗಬಹುದು. ಸ್ವಲ್ಪ ತಯಾರಿ ಬೇಕು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಉದಾಹರಣೆಗೆ ಒಂದೇ ದಾರಿ ಹಿಡಿಯುತ್ತೇನೆ, ಪ್ಯಾರಿಸ್‌ನ ನೈಋತ್ಯಕ್ಕಿರುವ ಶೆವ್ರೂಸ್ ಕಣಿವೆ. ಬೇರೆ ಊರಿನಲ್ಲಿರುವವರು ಹೆಸರು ಬದಲಾಯಿಸಿಕೊಂಡರೆ ಸಾಕು, ಉಳಿದದ್ದೆಲ್ಲ ಹಾಗೇ ಹೊಂದುತ್ತದೆ.

ಮೊದಲು ಹೊತ್ತಿನ ಲೆಕ್ಕ

ದಾರಿ ಆರಿಸುವ ಮೊದಲೇ ಅಂದಿನ ಸೂರ್ಯಾಸ್ತ ನೋಡಿಕೊಳ್ಳಿ. ಜನವರಿ ಕೊನೆಗೆ ಅದು ಸುಮಾರು 5:40, ಫೆಬ್ರವರಿ ಕೊನೆಗೆ 6:30. ಆ ಹೊತ್ತಿನಿಂದ ಒಂದೂವರೆ ಗಂಟೆ ಕಳೆಯಿರಿ. ಆ ಹೊತ್ತಿಗೆ ನೀವು ಡಾಂಬರು ರಸ್ತೆಯ ಮೇಲೆ, ಮನೆಗಳು ಕಾಣುವ ಜಾಗದಲ್ಲಿ ಇರಬೇಕು. ಮೋಡ ಕವಿದ ದಿನ ಕಾಡಿನೊಳಗೆ ಕತ್ತಲು ಸೂರ್ಯಾಸ್ತಕ್ಕೆ ಕಾಯುವುದಿಲ್ಲ. ನಾಲ್ಕು ಗಂಟೆಗೇ ಮರದ ಮೇಲಿನ ಗುರುತು ಮಸುಕಾಗುತ್ತದೆ.

ಇನ್ನು ವೇಗ. ಒಣ ನೆಲದಲ್ಲಿ ಗಂಟೆಗೆ 4 ಕಿಲೋಮೀಟರ್ ಆರಾಮಾಗಿ ನಡೆಯುತ್ತೇವೆ. ಚಳಿಗಾಲದ ಕೆಸರಿನಲ್ಲಿ 3 ಅಂತ ಹಿಡಿಯಿರಿ. ಊಟಕ್ಕೆ ಅರ್ಧ ಗಂಟೆ, ನಿಂತು ನೋಡುವುದಕ್ಕೆ, ದಾರಿ ತಪ್ಪುವುದಕ್ಕೆ ಇನ್ನೊಂದರ್ಧ ಗಂಟೆ ಸೇರಿಸಿ. ಹೀಗೆ ಲೆಕ್ಕ ಹಾಕಿದರೆ 12-13 ಕಿಲೋಮೀಟರ್ ಒಂದು ದಿನಕ್ಕೆ ಸರಿಯಾಗುತ್ತದೆ. ಬೇಸಿಗೆಯಲ್ಲಿ 22 ನಡೆದಿದ್ದೀನಿ ಅನ್ನುವ ಧೈರ್ಯ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕೊನೆಯದಾಗಿ ಒಂದು ಗಡುವು ಇಟ್ಟುಕೊಳ್ಳಿ. ನನ್ನದು ಮಧ್ಯಾಹ್ನ 1 ಗಂಟೆ. ಗುರಿ ಮುಟ್ಟಿರಲಿ, ಮುಟ್ಟದಿರಲಿ, 1 ಗಂಟೆಗೆ ವಾಪಸ್ ತಿರುಗುತ್ತೇನೆ. ಜೊತೆಗೆ ಯಾರಾದರೂ ಇದ್ದರೆ ಅವರು ನೆನಪಿಸುತ್ತಾರೆ. ಒಬ್ಬರೇ ಇದ್ದಾಗ ಫೋನಿನ ಅಲಾರಂ ಆ ಕೆಲಸ ಮಾಡಬೇಕು.

ದಾರಿ ಮತ್ತು ಗುರುತುಗಳು

ಫ್ರಾನ್ಸಿನಲ್ಲಿ ಗುರುತು ಹಾಕಿದ ಕಾಲುದಾರಿಗಳು ಸುಮಾರು 1,80,000 ಕಿಲೋಮೀಟರ್ ಇವೆ. ದೂರದ ದಾರಿಗಳಿಗೆ ಜಿ.ಆರ್. ಅನ್ನುತ್ತಾರೆ. ಇವು 1947ರಲ್ಲಿ ಶುರುವಾದವು, ಮೊದಲ ತುಂಡು ಲ್ವಾರ್ ನದಿಯ ದಡದಲ್ಲಿ, ಓರ್ಲೆಆಂ ಊರಿನ ಹತ್ತಿರ. ಅಂದಿನಿಂದ ಇಂದಿನವರೆಗೆ ಮರ, ಕಂಬ, ಬಂಡೆ, ಗೋಡೆಗಳ ಮೇಲೆ ಬಣ್ಣದ ಪಟ್ಟೆ ಬಳಿಯುವವರು ಹೆಚ್ಚಾಗಿ ಸ್ವಯಂಸೇವಕರು. ಮರದ ಮೇಲೆ ಹೊಸದಾಗಿ ಬಳಿದ ಪಟ್ಟೆ ಕಂಡಾಗೆಲ್ಲ ನನಗೆ ಅವರ ನೆನಪಾಗುತ್ತದೆ. ಯಾರೋ ಬ್ರಷ್ ಹಿಡಿದು ಇಷ್ಟು ದೂರ ಬಂದು ನನಗೆ ದಾರಿ ತೋರಿಸಿ ಹೋಗಿದ್ದಾರೆ.

ಬಣ್ಣ ಓದುವುದು ಸುಲಭ. ಬಿಳಿಯ ಕೆಳಗೆ ಕೆಂಪು ಪಟ್ಟೆ ಇದ್ದರೆ ಜಿ.ಆರ್. ಹಳದಿ ಮತ್ತು ಕೆಂಪು ಇದ್ದರೆ ಒಂದು ಪ್ರದೇಶವನ್ನು ಸುತ್ತಿಬರುವ ದೊಡ್ಡ ದಾರಿ. ಬರೀ ಹಳದಿ ಪಟ್ಟೆ ಇದ್ದರೆ ಪಿ.ಆರ್., ಅಂದರೆ ಅರ್ಧ ದಿನ, ಒಂದು ದಿನದ ಸಣ್ಣ ಸುತ್ತು. ನಮಗೆ ಬೇಕಾದದ್ದು ಇದೇ. ಪಟ್ಟೆ ನೇರ ಇದ್ದರೆ ನೇರ ಹೋಗಿ. ಬಾಣದ ಹಾಗೆ ಬಾಗಿದ್ದರೆ ಆ ಕಡೆ ತಿರುಗಿ. ಕತ್ತರಿಯಂತೆ ಅಡ್ಡಡ್ಡ ಹಾಕಿದ ಗುರುತು ಕಂಡರೆ ಆ ದಾರಿ ನಿಮ್ಮದಲ್ಲ. ಕವಲು ದಾಟಿ ಹತ್ತು ನಿಮಿಷ ನಡೆದರೂ ಗುರುತು ಸಿಗಲಿಲ್ಲವಾ? ಮುಂದೆ ಸಿಗುತ್ತದೆ ಅಂತ ಹೋಗಬೇಡಿ. ಕೊನೆಯ ಗುರುತಿನವರೆಗೆ ಹಿಂದಕ್ಕೆ ಬನ್ನಿ.

ನಕ್ಷೆಗೆ ಫ್ರಾನ್ಸಿನ ಸರ್ಕಾರಿ ಭೂಪಟ ಸಂಸ್ಥೆ ಐ.ಜಿ.ಎನ್.ನ 1:25,000 ನಕ್ಷೆಯನ್ನು ಮೀರಿಸಿದ್ದು ಇಲ್ಲ. ಅದರಲ್ಲಿ 4 ಸೆಂಟಿಮೀಟರ್ ಅಂದರೆ ನೆಲದ ಮೇಲೆ ಒಂದು ಕಿಲೋಮೀಟರ್. ಹೊಲದ ನಡುವಿನ ಒಂಟಿ ಮನೆಯೂ ಅದರಲ್ಲಿ ಕಾಣುತ್ತದೆ. ಫೋನಿನಲ್ಲಿ ಅದೇ ಸಂಸ್ಥೆಯ ‘ಕಾರ್ತ್ ಐ.ಜಿ.ಎನ್.’ ಆ್ಯಪ್ ಪುಕ್ಕಟೆ ಸಿಗುತ್ತದೆ. ಕಣಿವೆಯ ತಳದಲ್ಲಿ ಸಿಗ್ನಲ್ ಕೈಕೊಡುವುದುಂಟು, ಹಾಗಾಗಿ ನಿಮ್ಮ ದಾರಿಯ ನಕ್ಷೆಯ ಸ್ಕ್ರೀನ್‌ಶಾಟ್ ಹಿಂದಿನ ರಾತ್ರಿಯೇ ತೆಗೆದಿಟ್ಟುಕೊಳ್ಳಿ. ನಾನು ಕಾಗದದ ಮೇಲೂ ಒಂದು ಪುಟ ಪ್ರಿಂಟ್ ಮಾಡಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ.

ಕಾರಣ ಇದೆ. ಒಂದು ಜನವರಿಯಲ್ಲಿ ಫೋನನ್ನು ಜಾಕೆಟ್ಟಿನ ಹೊರಜೇಬಿನಲ್ಲಿ ಇಟ್ಟಿದ್ದೆ. ಬ್ಯಾಟರಿ 38 ಅಂತ ತೋರಿಸುತ್ತಿತ್ತು. ನಕ್ಷೆ ತೆರೆಯಲು ಹೋದೆ, ಪರದೆ ಸಟ್ಟನೆ ಕಪ್ಪಾಯಿತು. ಸುತ್ತ ಮಂಜು, ಎದುರಿಗೆ ಮೂರು ಕವಲು. ಎದೆ ಧಸಕ್ ಅಂತು. ಆಮೇಲೆ ಯಾವಾಗಲೋ ಓದಿದ್ದು ನೆನಪಾಯಿತು, ಚಳಿಗೆ ಬ್ಯಾಟರಿ ಹೀಗೆ ಸುಮ್ಮನಾಗುತ್ತದೆ ಅಂತ. ಫೋನನ್ನು ಸ್ವೆಟರ್ ಒಳಗೆ, ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ನಿಂತೆ. ಹತ್ತು ನಿಮಿಷದ ಮೇಲೆ ಮತ್ತೆ ಜೀವ ಬಂತು. ಅವತ್ತಿನಿಂದ ಫೋನು ಒಳಜೇಬಿನಲ್ಲಿ, ಪವರ್‌ಬ್ಯಾಂಕ್ ಸಾಕ್ಸಿನೊಳಗೆ ಸುತ್ತಿ ಬ್ಯಾಗಿನಲ್ಲಿ.

ಹವಾಮಾನ, ಬೇಟೆ: ಹಿಂದಿನ ಸಂಜೆ ನೋಡಬೇಕಾದದ್ದು

ಫ್ರಾನ್ಸಿನ ಹವಾಮಾನ ಇಲಾಖೆ ಮೆತೆಯೊ-ಫ್ರಾನ್ಸ್ ದಿನಾಲೂ ಇಡೀ ದೇಶದ ಎಚ್ಚರಿಕೆಯ ನಕ್ಷೆ ಹಾಕುತ್ತದೆ. ಹಸಿರು, ಹಳದಿ, ಕಿತ್ತಳೆ, ಕೆಂಪು, ಹೀಗೆ ನಾಲ್ಕು ಬಣ್ಣ. ಹಸಿರಿದ್ದರೆ ಚಿಂತೆ ಇಲ್ಲ. ಹಳದಿ ಇದ್ದರೆ ಯಾತಕ್ಕೆ ಅಂತ ಓದಿ. ಗಾಳಿಗೆ ಕಿತ್ತಳೆ ಬಂದಿದ್ದರೆ ಕಾಡಿಗೆ ಕಾಲಿಡಬೇಡಿ, ಒದ್ದೆ ನೆಲದಲ್ಲಿ ಮರ ಉರುಳುತ್ತದೆ, ಕೊಂಬೆ ಮುರಿದು ಬೀಳುತ್ತದೆ. ಈ ಭಾಗದಲ್ಲಿ ಹಿಮ ಬೀಳುವುದು ಅಪರೂಪ. ಜನವರಿಯಲ್ಲೂ ಹಗಲು ಸಾಮಾನ್ಯವಾಗಿ 3ರಿಂದ 7 ಡಿಗ್ರಿ ಇರುತ್ತದೆ. ಕಾಡುವುದು ಜಿಟಿಜಿಟಿ ಮಳೆ, ತೇವ, ಮಂಜು.

ಬೇಟೆಯ ವಿಷಯ ನಮ್ಮವರಿಗೆ ಗೊತ್ತೇ ಇರುವುದಿಲ್ಲ. ಇದನ್ನು ಗಮನ ಇಟ್ಟು ಓದಿ. ಫ್ರಾನ್ಸಿನಲ್ಲಿ ಸೆಪ್ಟೆಂಬರ್‌ನಿಂದ ಹೆಚ್ಚುಕಡಿಮೆ ಫೆಬ್ರವರಿ ಕೊನೆಯವರೆಗೆ ಬೇಟೆಯ ಕಾಲ. ಕಾಡುಹಂದಿ, ಜಿಂಕೆಗಳನ್ನು ಗುಂಪಾಗಿ ನಾಯಿಗಳೊಂದಿಗೆ ಅಟ್ಟಿಸಿ ಹೊಡೆಯುತ್ತಾರೆ. ಅದು ಕಾನೂನುಬದ್ಧ, ಹಳ್ಳಿಗಳಲ್ಲಿ ತುಂಬ ಹಳೆಯ ರೂಢಿ. ದಾರಿಯಲ್ಲಿ ‘ಶಾಸ್ ಆಂ ಕೂರ್’ ಅಂತ ಬೋರ್ಡ್ ಇಟ್ಟಿದ್ದರೆ ‘ಬೇಟೆ ನಡೆಯುತ್ತಿದೆ’ ಅಂತ ಅರ್ಥ. ಬೋರ್ಡ್ ಕಂಡ ಮೇಲೆ ಒಳಗೆ ಹೋಗಬೇಡಿ, ಸುತ್ತುಬಳಸಿ ಹೋಗಿ ಅಥವಾ ವಾಪಸ್ ಬನ್ನಿ. ಕೊಂಬಿನ ಸದ್ದು, ನಾಯಿಗಳ ಬೊಗಳು, ಗುಂಡಿನ ಸದ್ದು ಹತ್ತಿರ ಕೇಳಿದರೆ ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ. ದಾರಿಯಲ್ಲೇ ನಿಂತು ಜೋರಾಗಿ ಮಾತಾಡಿ, ನೀವಿರುವುದು ಗೊತ್ತಾಗಲಿ. ಭಾನುವಾರ ಬೇಟೆ ಜಾಸ್ತಿ, ಆದರೆ ಬೇರೆ ದಿನ ಇಲ್ಲವೇ ಇಲ್ಲ ಅಂತಲ್ಲ. ಆಯಾ ಊರಿನ ಮೆರಿಗೆ, ಅಂದರೆ ನಮ್ಮ ಪಂಚಾಯ್ತಿ ಆಫೀಸಿನಂಥದ್ದಕ್ಕೆ, ಫೋನ್ ಮಾಡಿ ಕೇಳಿದರೆ ಹೇಳುತ್ತಾರೆ. ಕಂದು, ಕಪ್ಪು, ಕಡು ಹಸಿರು ಜಾಕೆಟ್ ಬೇಡ. ನಾನು ಸೈಕಲ್ಲಿನವರು ಹಾಕುವ ಕಿತ್ತಳೆ ಬಣ್ಣದ ತೆಳು ಕೋಟನ್ನು ಎಲ್ಲದರ ಮೇಲೆ ಹಾಕಿಕೊಳ್ಳುತ್ತೇನೆ. ಬ್ಯಾಗಿನ ಮೇಲೂ ಒಂದು ಕಿತ್ತಳೆ ಬಟ್ಟೆ ಕಟ್ಟಿರುತ್ತೇನೆ.

ಮೈಗೆ ಏನು, ಬ್ಯಾಗಿಗೆ ಏನು

ಹತ್ತಿ ಬಟ್ಟೆ ಬೇಡ. ಜೀನ್ಸ್ ಅಂತೂ ಬೇಡವೇ ಬೇಡ. ಏರು ಹತ್ತುವಾಗ ಬೆವರುತ್ತೇವೆ, ಹತ್ತಿ ಅದನ್ನು ಹೀರಿಕೊಂಡು ಒದ್ದೆಯಾಗಿಯೇ ಇರುತ್ತದೆ. ನಿಂತ ತಕ್ಷಣ ಮೈ ತಣ್ಣಗಾಗುತ್ತದೆ. ಒಳಗೆ ಉಣ್ಣೆಯ ಅಥವಾ ಸಿಂಥೆಟಿಕ್ ಬನಿಯನ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಮೂರೂ ಡೆಕಾತ್ಲಾನ್‌ನಲ್ಲಿ ಹೆಚ್ಚು ಖರ್ಚಿಲ್ಲದೆ ಸಿಗುತ್ತವೆ. ಹೊರಟಾಗ ಸ್ವಲ್ಪ ಚಳಿ ಅನ್ನಿಸಬೇಕು. ಮನೆಬಾಗಿಲಲ್ಲೇ ಬೆಚ್ಚಗಿದ್ದರೆ ಅರ್ಧ ಗಂಟೆಯಲ್ಲಿ ಬೆವರುತ್ತೀರಿ. ಏರು ಶುರುವಾಗುವ ಮೊದಲೇ ಫ್ಲೀಸ್ ತೆಗೆದು ಬ್ಯಾಗಿಗೆ ಹಾಕಿ, ಮೇಲೆ ಹೋಗಿ ನಿಂತಾಗ ಮತ್ತೆ ಹಾಕಿಕೊಳ್ಳಿ. ಉದಾಸೀನ ಮಾಡಬೇಡಿ, ಇಡೀ ದಿನ ಮೈ ಬೆಚ್ಚಗಿರುವುದು ಇದರಿಂದಲೇ.

ಬೂಟು ಪಾದದ ಗಿಣ್ಣು ಮುಚ್ಚುವಂಥದ್ದು, ಅಡಿಯಲ್ಲಿ ಆಳದ ಹಲ್ಲುಗಳಿರುವಂಥದ್ದು ಬೇಕು. ಇಲ್ಲಿನ ಹೊಲದ ಅಂಚಿನ ಮಣ್ಣು ಜಿಗುಟು. ಧಾರವಾಡ, ಗದಗದ ಕಡೆ ಎರೆ ಹೊಲದಲ್ಲಿ ಮಳೆ ಬಂದ ಮೇಲೆ ನಡೆದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಹೆಜ್ಜೆ ಹೆಜ್ಜೆಗೂ ಮಣ್ಣು ಮೆತ್ತುತ್ತಾ ಹೋಗಿ ಬೂಟು ರೊಟ್ಟಿ ತಟ್ಟುವ ಕಲ್ಲಿನಷ್ಟು ಅಗಲವಾಗುತ್ತದೆ. ಕಾಲು ಎತ್ತಿದರೆ ಸೇರು ತೂಕ. ಹೊಲದ ನಡುವಿನ ಹುಲ್ಲಿನ ಅಂಚಿನಲ್ಲಿ ನಡೆಯಿರಿ, ಆದರೆ ಬಿತ್ತಿದ ಜಾಗ ತುಳಿಯಬೇಡಿ. ಗರಿಕೆಯ ಹಾಗೆ ಕಾಣುವ ಆ ಹಸಿರು ಸಾಲುಗಳು ಗೋಧಿ. ಚಳಿಗಾಲಕ್ಕೆ ಮುಂಚೆ ಬಿತ್ತಿ ಬೇಸಿಗೆಯಲ್ಲಿ ಕೊಯ್ಯುತ್ತಾರೆ.

ಬ್ಯಾಗಿನಲ್ಲಿ ಒಂದು ಜೊತೆ ಒಣ ಸಾಕ್ಸ್, ಕೈಗವಸು, ಉಣ್ಣೆಯ ಟೊಪ್ಪಿ, ತಲೆಗೆ ಕಟ್ಟುವ ಟಾರ್ಚು, ಸೀಟಿ, ಬ್ಯಾಂಡೇಜ್, ಸ್ವಲ್ಪ ಚಿಲ್ಲರೆ ಹಣ ಇರಲಿ. ಟಾರ್ಚನ್ನು ಹೊರಡುವ ಮೊದಲು ಹೊತ್ತಿಸಿ ನೋಡಿ. ಕುಳಿತುಕೊಳ್ಳಲು ಒಂದು ಚೂರು ಫೋಮ್ ಶೀಟ್ ಒಯ್ಯಿರಿ. ಒದ್ದೆ ಮರದ ದಿಮ್ಮಿಯ ಮೇಲೆ ಕೂತು ತಿಂದರೆ ಚಳಿ ಬೆನ್ನು ಹತ್ತುತ್ತದೆ.

ಊಟದ ವಿಷಯದಲ್ಲಿ ನಾನು ಸಾಕಷ್ಟು ಪ್ರಯೋಗ ಮಾಡಿದ್ದೇನೆ. ಚಿತ್ರಾನ್ನ ಒಯ್ದರೆ ಅನ್ನ ತಣ್ಣಗಾಗಿ ಕಾಳುಕಾಳು ಗಟ್ಟಿಯಾಗುತ್ತದೆ. ತುಪ್ಪ ಸವರಿದ ಚಪಾತಿಯಲ್ಲಿ ತುಪ್ಪ ಹೆಪ್ಪುಗಟ್ಟಿ ಅಂಗುಳಕ್ಕೆ ಅಂಟುತ್ತದೆ. ಎಣ್ಣೆಯಲ್ಲಿ ಕಲಸಿದ ಚಟ್ನಿಪುಡಿ ಹಚ್ಚಿ ಸುತ್ತಿದ ಚಪಾತಿ ಚೆನ್ನಾಗಿರುತ್ತದೆ, ಕೈಗವಸು ಹಾಕಿಕೊಂಡೇ ತಿನ್ನಬಹುದು. ಪ್ಯಾರಿಸ್‌ನ ಲಾ ಶಾಪೆಲ್ ಕಡೆಯ ತಮಿಳರ ಅಂಗಡಿಯಿಂದ ಕಡ್ಲೆ ಮಿಠಾಯಿ ತಂದಿಟ್ಟುಕೊಂಡಿರುತ್ತೇನೆ. ಫ್ಲಾಸ್ಕಿನಲ್ಲಿ ಬಿಸಿ ಕಾಫಿ. ನೀರು ಒಂದು ಲೀಟರ್ ಬೇರೆ. ಚಳಿಯಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ, ಗಂಟೆಗೊಮ್ಮೆ ನೆನಪು ಮಾಡಿಕೊಂಡು ಕುಡಿಯಿರಿ. ಇಲ್ಲಿನ ನಡಿಗೆಯವರು ಹಳ್ಳಿಯ ಸ್ಮಶಾನದ ನಲ್ಲಿಯಲ್ಲಿ ನೀರು ತುಂಬಿಸಿಕೊಳ್ಳುತ್ತಾರೆ. ಆದರೆ ಚಳಿಗಾಲದಲ್ಲಿ ಪೈಪು ಒಡೆಯಬಾರದು ಅಂತ ಆ ನಲ್ಲಿಗಳನ್ನು ಎಷ್ಟೋ ಕಡೆ ನಿಲ್ಲಿಸಿರುತ್ತಾರೆ. ಅದನ್ನು ನಂಬಿ ಹೋಗಬೇಡಿ. ಯಾವುದೇ ನಲ್ಲಿಯ ಮೇಲೆ ‘ನೋಂ ಪೊತಾಬ್ಲ್’ ಅಂತ ಬರೆದಿದ್ದರೆ ಅದು ಕುಡಿಯುವ ನೀರಲ್ಲ.

ಯಾರಿಗಾದರೂ ಹೇಳಿ ಹೊರಡಿ

ಒಬ್ಬರೇ ಹೋಗುವಾಗ ಇದನ್ನು ಯಾವತ್ತೂ ಬಿಡಬೇಡಿ. ಈ ಕಣಿವೆಗೆ ಹತ್ತಿರದ ಓರ್ಸೆ ಊರಿನಲ್ಲಿರುವ ಗೆಳತಿಗೆ ಹಿಂದಿನ ರಾತ್ರಿ ಒಂದು ಮೆಸೇಜ್ ಹಾಕುತ್ತೇನೆ. ಎಲ್ಲಿಂದ ಎಲ್ಲಿಗೆ, ಯಾವ ದಾರಿ, ಎಷ್ಟು ಹೊತ್ತಿಗೆ ರೈಲು ಹತ್ತುತ್ತೇನೆ, ಯಾವ ಹೊತ್ತಿನ ಮೇಲೆ ಸುದ್ದಿ ಇಲ್ಲದಿದ್ದರೆ ಏನು ಮಾಡಬೇಕು. ಕೊನೆಯ ಮಾತು ತುಂಬ ಮುಖ್ಯ. ‘ಸಂಜೆ ಮೆಸೇಜ್ ಮಾಡ್ತೀನಿ’ ಅಂದರೆ ಅವಳು ಎಷ್ಟು ಹೊತ್ತು ಕಾಯಬೇಕು? ‘6 ಗಂಟೆಗೆ ನನ್ನ ಸುದ್ದಿ ಇಲ್ಲದಿದ್ದರೆ ಫೋನ್ ಮಾಡು, 7ಕ್ಕೂ ಸಿಗದಿದ್ದರೆ 112ಕ್ಕೆ ಹೇಳು’ ಅಂತ ಸ್ಪಷ್ಟವಾಗಿ ಬರೆಯಿರಿ. ಊರಿನಲ್ಲಿರುವ ಅಮ್ಮನಿಗೆ ಹೇಳಿದರೆ ಸಾಲದು, ಅವರು ಅಲ್ಲಿಂದ ಗಾಬರಿ ಪಡುವುದು ಬಿಟ್ಟು ಏನೂ ಮಾಡಲಾಗುವುದಿಲ್ಲ. ಹತ್ತಿರದಲ್ಲಿ ಇರುವವರು ಒಬ್ಬರು ಬೇಕು.

112 ಯುರೋಪಿನ ತುರ್ತು ಸಂಖ್ಯೆ, ಪುಕ್ಕಟೆ. ಫೋನ್ ಮಾಡಿದಾಗ ಮೊದಲು ನೀವು ಇರುವ ಊರಿನ ಹೆಸರು ಹೇಳಿ, ಆಮೇಲೆ ಏನಾಗಿದೆ ಅಂತ. ಪ್ರತಿ ಹಳ್ಳಿ ದಾಟುವಾಗಲೂ ಅದರ ಹೆಸರಿನ ಬೋರ್ಡ್ ನೋಡಿ ನೆನಪಿಟ್ಟುಕೊಳ್ಳುವ ಅಭ್ಯಾಸ ಅದಕ್ಕೇ.

ನಡೆಯುವ ದಿನ

ಪ್ಯಾರಿಸ್‌ನಿಂದ ಉಪನಗರಗಳಿಗೆ ಓಡುವ ಆರ್.ಇ.ಆರ್. ಬಿ ರೈಲಿನ ದಕ್ಷಿಣದ ಕೊನೆಯ ನಿಲ್ದಾಣ ಸ್ಯಾಂ-ರೆಮಿ-ಲೆ-ಶೆವ್ರೂಸ್. ಪ್ಯಾರಿಸ್ ನಡುವಿನಿಂದ ಸುಮಾರು ಮುಕ್ಕಾಲು ಗಂಟೆ. ಪ್ಯಾರಿಸ್ ಪ್ರದೇಶದ ರೈಲು-ಬಸ್ಸಿನ ನವಿಗೋ ಪಾಸ್ ಇದ್ದರೆ ಬೇರೆ ಟಿಕೆಟ್ ಬೇಡ. ಪಾಸ್ ಇಲ್ಲದವರಿಗೂ 2025ರ ಜನವರಿಯಿಂದ ದೂರದ ಲೆಕ್ಕ ಹೋಗಿ, ಪ್ಯಾರಿಸ್ ಪ್ರದೇಶದ ಒಳಗೆ ಎಲ್ಲಿಗೆ ಹೋದರೂ ರೈಲಿಗೆ ಒಂದೇ ದರ ಆಗಿದೆ, ವಿಮಾನ ನಿಲ್ದಾಣಗಳನ್ನು ಬಿಟ್ಟು. ಒಂಬತ್ತೂವರೆಯೊಳಗೆ ಇಳಿಯುವ ಹಾಗೆ ಹೊರಡಿ. ರೈಲು ಇಳಿದ ತಕ್ಷಣ ಶೌಚಾಲಯ ವಿಚಾರಿಸಿಕೊಳ್ಳಿ, ಮುಂದೆ ಸಿಗುವುದು ಕಷ್ಟ.

ಮೊದಲ ಎರಡೂವರೆ ಕಿಲೋಮೀಟರ್ ಇವೆಟ್ ಹೊಳೆಯ ಕಣಿವೆಯಲ್ಲಿ ಶೆವ್ರೂಸ್ ಊರಿನವರೆಗೆ. ಸಪಾಟು ದಾರಿ, ಮೈ ಕಾಯಿಸಿಕೊಳ್ಳಲು ಅನುಕೂಲ. ಊರಿನೊಳಗೆ ಹೊಳೆಯ ಕಾಲುವೆಯ ಉದ್ದಕ್ಕೂ ‘ಪುಟ್ಟ ಸೇತುವೆಗಳ ದಾರಿ’ ಇದೆ. ಒಂದೊಂದು ಮನೆಗೂ ಒಂದೊಂದು ಪುಟಾಣಿ ಸೇತುವೆ. ಹಿಂದೆ ಇಲ್ಲಿ ಚರ್ಮ ಹದ ಮಾಡುತ್ತಿದ್ದರು, ಬಟ್ಟೆ ಒಗೆಯುವ ಕಟ್ಟೆಗಳಿದ್ದವು. ಬೇಸಿಗೆಯಲ್ಲಿ ಜನ ತುಂಬಿರುವ ಈ ದಾರಿಯಲ್ಲಿ ಜನವರಿಯ ಬೆಳಿಗ್ಗೆ ನಿಮ್ಮ ಹೆಜ್ಜೆ ಸದ್ದು, ನೀರಿನ ಸದ್ದು ಮಾತ್ರ.

ಬ್ರೆಡ್ ಬೇಕಿದ್ದರೆ ಇಲ್ಲೇ ಬೂಲಾಂಜರಿಯಲ್ಲಿ, ಅಂದರೆ ಬೇಕರಿಯಲ್ಲಿ, ತೆಗೆದುಕೊಳ್ಳಿ. ಮಧ್ಯಾಹ್ನ ಹಳ್ಳಿಯ ಅಂಗಡಿಗಳು ಬಾಗಿಲು ಹಾಕುತ್ತವೆ, ಸೋಮವಾರ ಎಷ್ಟೋ ಅಂಗಡಿ ತೆರೆಯುವುದೇ ಇಲ್ಲ. ಒಳಗೆ ಕಾಲಿಟ್ಟ ತಕ್ಷಣ ‘ಬೋಂಜೂರ್’ ಹೇಳಿ, ಆಮೇಲೆ ಮಾತು. ದಾರಿಯಲ್ಲಿ ಎದುರಾದವರಿಗೂ ಹಾಗೆಯೇ. ಪ್ಯಾರಿಸ್‌ನಲ್ಲಿ ಯಾರೂ ಮುಖ ನೋಡದೆ ಹೋಗುತ್ತಾರೆ, ಹಳ್ಳಿದಾರಿಯಲ್ಲಿ ನಮಸ್ಕಾರ ಹೇಳದೆ ಯಾರೂ ಹೋಗುವುದಿಲ್ಲ. ಒಬ್ಬಂಟಿ ನಡೆಯುವವರಿಗೆ ಇದರಿಂದ ಇನ್ನೊಂದು ಲಾಭ ಇದೆ. ನಿಮ್ಮನ್ನು ಕಂಡವರು ಒಬ್ಬರಿದ್ದಾರೆ ಅಂತ ಆಗುತ್ತದೆ.

ಊರಿನ ಮೇಲಿನ ಗುಡ್ಡದಲ್ಲಿ ಮಾದಲೆನ್ ಕೋಟೆ. ಏರು ಚಿಕ್ಕದು, ಆದರೆ ಕಡಿದು. ಫ್ಲೀಸ್ ತೆಗೆಯಬೇಕಾದದ್ದು ಇಲ್ಲಿ. ಕೋಟೆಯ ಹಳೆಯ ಬುರುಜು ಸಾವಿರ ವರ್ಷದ ಹತ್ತಿರದ್ದು. ಈಗ 1985ರಲ್ಲಿ ಸ್ಥಾಪನೆಯಾದ ಇಲ್ಲಿನ ಪ್ರಾದೇಶಿಕ ನಿಸರ್ಗ ಉದ್ಯಾನದ ಕಚೇರಿ ಅಲ್ಲೇ ಇದೆ. 1661ರಲ್ಲಿ ನಾಟಕಕಾರ ರಾಸೀನ್ ಇಲ್ಲಿ ಕೆಲಸದವರ ಮೇಲುಸ್ತುವಾರಿಗೆ ಬಂದಿದ್ದ. ಇಪ್ಪತ್ತೊಂದರ ಹುಡುಗ, ಪ್ಯಾರಿಸ್ ಬಿಟ್ಟು ಬಂದ ಬೇಸರಕ್ಕೆ ತನ್ನ ಕಾಗದಗಳಲ್ಲಿ ಊರಿನ ಹೆಸರನ್ನು ‘ಬ್ಯಾಬಿಲಾನ್’ ಅಂತ ಬರೆಯುತ್ತಿದ್ದನಂತೆ. ಊರಿನಿಂದ ದೂರ ಬಂದು ಕೂತವರಿಗೆ ಅವನ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಕೋಟೆಯಿಂದ ಪೋರ್-ರಾಯಾಲ್ ಮಠದ ಕಡೆಗೆ ಹೋಗುವ ಕಾಲುದಾರಿಗೆ ಅವನದೇ ಹೆಸರು. ಅದನ್ನು ಹಿಡಿದು ಕಾಡು ದಾಟಿ ರೊದೋಂ ಹೊಳೆಯ ಬದಿಯ ಮಿಲೋಂ-ಲಾ-ಶಾಪೆಲ್ ಹಳ್ಳಿಗೆ ಇಳಿಯಿರಿ. ಇವತ್ತಿನ ಗುರಿ ಅಲ್ಲಿಗೆ ಸಾಕು. ಮಠದ ಅವಶೇಷದವರೆಗೆ ಹೋಗುವ ಆಸೆಯನ್ನು ಹಗಲು ಉದ್ದವಾಗುವ ಏಪ್ರಿಲ್‌ಗೆ ಇಟ್ಟುಕೊಳ್ಳಿ.

ಈ ತುಂಡಿನಲ್ಲಿ ನಿಧಾನಕ್ಕೆ ನಡೆಯಿರಿ. ಎಲೆ ಉದುರಿದ ಮರಗಳಲ್ಲಿ ಅಲ್ಲಲ್ಲಿ ಹಸಿರು ಚೆಂಡು ನೇತುಹಾಕಿದ ಹಾಗೆ ಕಾಣುತ್ತದೆ. ದೂರದಿಂದ ಹಕ್ಕಿಗೂಡು ಅನ್ನಿಸುತ್ತದೆ. ಹತ್ತಿರ ಹೋಗಿ ನೋಡಿ, ಅದು ಬಂದಳಿಕೆ. ನಮ್ಮ ಮಾವಿನ ಮರಕ್ಕೆ ಹತ್ತುವುದರ ನಂಟೇ. ಎಲೆಗಳು ಜೋಡಿಜೋಡಿಯಾಗಿ ದಪ್ಪಗೆ, ನಡುವೆ ಮುತ್ತಿನಂಥ ಬಿಳಿ ಹಣ್ಣು. ಊರಲ್ಲಿ ಬಂದಳಿಕೆ ಕಂಡರೆ ಕಡಿದು ಹಾಕು ಅನ್ನುತ್ತಾರೆ. ಇಲ್ಲಿ ಹೊಸ ವರ್ಷಕ್ಕೆ ಅದನ್ನೇ ತಂದು ಬಾಗಿಲಿಗೆ ಕಟ್ಟುತ್ತಾರೆ, ಶುಭ ಅಂತ. ಹಣ್ಣು ವಿಷ, ಬಾಯಿಗೆ ಹಾಕಬೇಡಿ. ದಾರಿಯ ಪಕ್ಕ ಯಾರೋ ಗುದ್ದಲಿಯಿಂದ ಅಗೆದ ಹಾಗೆ ನೆಲ ಕಿತ್ತಿದ್ದರೆ ಅದು ರಾತ್ರಿ ಕಾಡುಹಂದಿ ಮೂತಿ ಹಾಕಿದ ಗುರುತು.

ಮಿಲೋಂನಲ್ಲಿ ಊಟ. ಕೂತ ತಕ್ಷಣ, ಚಳಿ ಅನ್ನಿಸುವ ಮೊದಲೇ, ಫ್ಲೀಸ್ ಟೊಪ್ಪಿ ಎರಡೂ ಹಾಕಿಕೊಳ್ಳಿ. ಸಾಕ್ಸ್ ಒದ್ದೆಯಾಗಿದ್ದರೆ ಈಗಲೇ ಬದಲಾಯಿಸಿ. ಅರ್ಧ ಗಂಟೆಗಿಂತ ಜಾಸ್ತಿ ಕೂರಬೇಡಿ, ಬೆರಳು ಮರಗಟ್ಟಿದ ಮೇಲೆ ಬೂಟಿನ ದಾರ ಕಟ್ಟುವುದೂ ಕಷ್ಟ. 1 ಗಂಟೆಯ ಅಲಾರಂ ಹೊಡೆಯಿತಲ್ವಾ, ಏಳಿ.

ವಾಪಸ್ ಬಂದ ದಾರಿಯಲ್ಲೇ ಹೋಗಿ. ಸುತ್ತು ದಾರಿ ನೋಡಲು ಚಂದ, ನನಗೂ ಇಷ್ಟ. ಆದರೆ ಮೊದಲ ಸಲ, ಒಬ್ಬರೇ, ಬೆಳಕು ಇಳಿಯುವ ಹೊತ್ತಿನಲ್ಲಿ ಗೊತ್ತಿರುವ ದಾರಿಯೇ ಒಳ್ಳೆಯದು. ಎಲ್ಲಿ ಕೆಸರು, ಎಲ್ಲಿ ಜಾರು ಅಂತ ಕಾಲಿಗೆ ನೆನಪಿರುತ್ತದೆ. ಇಳಿಜಾರಿನಲ್ಲಿ ಒದ್ದೆ ಎಲೆಯ ಅಡಿಗೆ ಬೇರುಗಳಿರುತ್ತವೆ, ಹೆಜ್ಜೆ ಚಿಕ್ಕದಾಗಿ ಇಡಿ. ಸುಸ್ತಾಗಿದ್ದರೆ ಶೆವ್ರೂಸ್‌ನಿಂದ ಸ್ಯಾಂ-ರೆಮಿ ನಿಲ್ದಾಣಕ್ಕೆ ಬಸ್ಸು ಇದೆ, ಭಾನುವಾರ ಕಡಿಮೆ. ಹೊತ್ತನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಿ. ಮೂರೂವರೆಯ ಹೊತ್ತಿಗೆ ನಿಲ್ದಾಣ ತಲುಪಿರುತ್ತೀರಿ. ರೈಲು ಹತ್ತಿದ ಮೇಲೆ ಮಾಡುವ ಮೊದಲ ಕೆಲಸ, ಗೆಳತಿಗೆ ಮೆಸೇಜ್.

ಮನೆಗೆ ಬಂದು ಬೂಟನ್ನು ಹೀಟರ್ ಮೇಲೆ ಇಡಬೇಡಿ. ಅಂಟು ಬಿಡುತ್ತದೆ, ಚರ್ಮ ಬಿರಿಯುತ್ತದೆ. ಮಣ್ಣನ್ನು ಹಸಿ ಇರುವಾಗಲೇ ಹಳೆಯ ಬ್ರಷ್‌ನಿಂದ ತೊಳೆದು, ಒಳಗಿನ ಅಟ್ಟೆ ಹೊರಗೆ ತೆಗೆದು, ಬೂಟಿನೊಳಗೆ ನ್ಯೂಸ್‌ಪೇಪರ್ ಉಂಡೆ ಮಾಡಿ ತುರುಕಿ. ಮಲಗುವ ಮೊದಲು ಒಂದು ಸಲ ಪೇಪರ್ ಬದಲಾಯಿಸಿ. ಎರಡು ದಿನದಲ್ಲಿ ಒಣಗಿರುತ್ತದೆ, ಮುಂದಿನ ಶನಿವಾರಕ್ಕೆ ಸಿದ್ಧ.